ಗುಜರಿ ಅಂಗಡಿಯ ಕೊಡ ನಿಜವಾಗ್ಲೂ ನೂರು ವರ್ಷದ್ದಾ?

ಪ್ರಶ್ನೆ: ಹಳೇ ದಾವಣಗೆರೆಯ ಗುಜರಿ ಅಂಗಡಿಯಲ್ಲಿ ಒಂದು ಹಿತ್ತಾಳೆ ಕೊಡ ನೋಡಿದೆ. ತುಂಬಾ ಇಷ್ಟ ಆಯ್ತು. ಅಂಗಡಿಯವರು "ನೂರು ವರ್ಷದ್ದು, ಬ್ರಿಟಿಷರ ಕಾಲದ್ದು" ಅಂತಾರೆ. ಅದಕ್ಕೇ ರೇಟು ಜಾಸ್ತಿಯಂತೆ. ನಂಬಬಹುದಾ? ಹಳೇದೋ ಅಲ್ಲವೋ ಅಂತ ನಾವೇ ಕಂಡುಹಿಡಿಯೋದು ಹೇಗೆ?

ಉತ್ತರ: ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಕೊಡದ ಬದಲು ಒಮ್ಮೆ ಕೈಗಡಿಯಾರ ಇರುತ್ತದೆ, ಒಮ್ಮೆ ಲಾಟೀನು, ಇನ್ನೊಮ್ಮೆ ಪಾವು. ಅನುಮಾನ ಮಾತ್ರ ಒಂದೇ.

ಅಂಗಡಿಯವರ ಮಾತಿನ ಮೇಲೆ ದುಡ್ಡು ಕೊಡಬೇಡಿ. ಅವರು ಬೇಕಂತಲೇ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಅಣ್ಣ ತಮ್ಮಂದಿರು ಭಾಗವಾದಾಗ, ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ, ಅಟ್ಟದ ಮೇಲಿನ ಸಾಮಾನೆಲ್ಲ ಗೋಣಿಚೀಲದಲ್ಲಿ ಬಂದು ಅವರ ತಕ್ಕಡಿ ಮೇಲೆ ಬೀಳುತ್ತದೆ. ತೂಕ ಹಾಕಿ ತಗೊಳ್ಳುತ್ತಾರೆ, ಯಾವ ಕಾಲದ್ದು ಅಂತ ಯಾರು ಬರೆದಿಡುತ್ತಾರೆ? ನಮ್ಮ ಕಡೆ "ನೂರು ವರ್ಷದ್ದು" ಅಂದರೆ "ತುಂಬಾ ಹಳೇದು" ಅಂತ ಅರ್ಥ, ಅಷ್ಟೇ. ಹಾಗಾಗಿ ವಯಸ್ಸನ್ನು ಕೊಡದ ಹತ್ತಿರವೇ ಕೇಳಬೇಕು.

ಮೊದಲು ಬರಹ ಹುಡುಕಿ. ಕಂಠದ ಕೆಳಗೆ, ಹೊಟ್ಟೆಯ ಮೇಲೆ, ಕೆಲವೊಮ್ಮೆ ತಳದಲ್ಲಿ ಹೆಸರು ಹಾಕಿಸಿರುತ್ತಾರೆ. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಮುಯ್ಯಿ ಮಾಡುವಾಗ ಕೊಟ್ಟವರ ಹೆಸರು, ಊರು, ತಾರೀಕು ಹಾಕಿಸುವುದು ನಮ್ಮಲ್ಲಿ ರೂಢಿ ಅಲ್ವಾ. ಹಳೇ ಕಾಲದ ಅಕ್ಷರಗಳನ್ನು ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದಿರುತ್ತಾರೆ. ಬೆರಳಾಡಿಸಿದರೆ ಒಂದೊಂದು ಚುಕ್ಕಿಯೂ ತಾಗುತ್ತದೆ. ಆಮೇಲೆ ಪಾತ್ರೆ ಅಂಗಡಿಗಳಿಗೆ ಕರೆಂಟಿನ ಮಿಷನ್ ಬಂತು. ಅದರ ಅಕ್ಷರ ತೆಳ್ಳಗೆ, ಒಂದೇ ಗೀಟಿನಲ್ಲಿ ಎಳೆದ ಹಾಗೆ ಇರುತ್ತದೆ.

ನನ್ನ ಹತ್ತಿರ ಒಂದು ಹಿತ್ತಾಳೆ ತಂಬಿಗೆ ಇದೆ. ಗುಜರಿಯಲ್ಲಿ ಬಕೆಟ್ಟುಗಳ ಕೆಳಗೆ ಸಿಕ್ಕಿದ್ದು. ಕಂಠದ ಸುತ್ತ ಚುಕ್ಕಿ ಅಕ್ಷರದಲ್ಲಿ "ಅಣ್ಣನ ಮುಯ್ಯಿ, ದಾವಣಗೆರೆ, 12-5-58" ಅಂತಿದೆ. ಕೆತ್ತಿದವರಿಗೆ ಕೊನೆಗೆ ಜಾಗ ಸಾಲಲಿಲ್ಲ. "ದಾವಣಗೆರೆ"ಯ "ರೆ" ಸ್ವಲ್ಪ ಮೇಲಕ್ಕೆ ಹತ್ತಿ, ಅಂಚಿಗೆ ಒತ್ತಿಕೊಂಡು ಕೂತಿದೆ. "12" ಇರುವ ಕಡೆ ಅಕ್ಷರ ಸವೆದು ಹೋಗಿದೆ. ಬಲಗೈಯಲ್ಲಿ ತಂಬಿಗೆ ಹಿಡಿದರೆ ಹೆಬ್ಬೆರಳು ಸರಿಯಾಗಿ ಅಲ್ಲೇ ಬರುತ್ತದೆ. ಎಷ್ಟು ವರ್ಷ ಯಾರ್‍ಯಾರು ಹೀಗೆ ಹಿಡಿದಿದ್ದರೋ. ಈ ತಂಬಿಗೆಯ ವಿಷಯದಲ್ಲಿ ನನಗೆ ಬೇರೆ ಯಾವ ಸಾಕ್ಷಿಯೂ ಬೇಡ. ಒಂದು ಮಾತು ಮಾತ್ರ ನೆನಪಿರಲಿ: ತಾರೀಕು ಹಾಕಿಸುವಾಗಲೇ ಪಾತ್ರೆ ಹಳೇದಾಗಿರಬಹುದು. 1958ಕ್ಕಿಂತ ಮುಂಚಿನದಿರಬಹುದು, ಆಮೇಲಿನದಂತೂ ಆಗಿರಲಾರದು.

ತಾರೀಕೇ ಇಲ್ಲದಿದ್ದರೆ? ಆಗಲೂ ಬರಹ ಬಾಯಿ ಬಿಡುತ್ತದೆ. ಇದು ನನಗೆ ತುಂಬಾ ಪ್ರೀತಿಯ ಕೆಲಸ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಡಬ್ಬಿ, ಬೋರ್ಡು, ಬಿಲ್ ಪುಸ್ತಕ, ಕ್ಯಾಲೆಂಡರು, ಸೋಡಾ ಬಾಟಲಿಯ ಕ್ರೇಟು, ಯಾವುದರ ಮೇಲಾದರೂ "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತಿದ್ದರೆ ಅದು 1997ಕ್ಕೆ ಮುಂಚಿನದು. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದೇ ಆ ವರ್ಷ. "ಮೈಸೂರು ರಾಜ್ಯ" ಅಂತಿದ್ದರೆ ಇನ್ನೂ ಹಿಂದಿನದು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1ರಂದು. ವಿಳಾಸದಲ್ಲಿ 577001 ಅಥವಾ 577501 ಅಂತ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲಿನದು, ಯಾಕೆಂದರೆ ಪಿನ್‌ಕೋಡ್ ಶುರುವಾಗಿದ್ದೇ ಆಗ. ಇಂಗ್ಲಿಷಿನಲ್ಲಿ ಚಿತ್ರದುರ್ಗವನ್ನು "ಚಿತಲ್‌ದ್ರೂಗ್" ಅಂತ ಬರೆದಿದ್ದರೆ ಎರಡು ಸಲ ನೋಡಿ. ಅದು ಹಳೇ ಕಾಲದ ಬರವಣಿಗೆ.

ಬೆಲೆಯೂ ಹಾಗೆಯೇ. "ನಾಲ್ಕಾಣೆ" ಅಂತ ಅಚ್ಚಾಗಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮುಂಚಿನದು. ಅಲ್ಲಿಂದ ರೂಪಾಯಿಗೆ ನೂರು ಪೈಸೆ ಆಯಿತು. "ನಯಾ ಪೈಸೆ" ಅಂತಿದ್ದರೆ ಇನ್ನೂ ಸುಲಭ, 1957ರಿಂದ 1964ರೊಳಗಿನದು. ಬೇರೆ ದೇಶದ ಸಾಮಾನಿಗೆ ದೇಶದ ಹೆಸರು ನೋಡಿ. ಎನಾಮಲ್ ತಟ್ಟೆಯ ಹಿಂದೆ "ಚೆಕೊಸ್ಲೊವಾಕಿಯಾ" ಅಂತ ಇದ್ದರೆ, ಆ ದೇಶ ಹುಟ್ಟಿದ್ದು 1918ರಲ್ಲಿ, ಒಡೆದು ಎರಡಾಗಿದ್ದು 1992 ಮುಗಿದಾಗ. ಲಾಟೀನಿನ ಮೇಲೆ "ವೆಸ್ಟ್ ಜರ್ಮನಿ" ಅಂತಿದ್ದರೆ 1949ರಿಂದ 1990ರ ನಡುವಿನದು. ಬ್ರಿಟಿಷರ ಕಾಲದ್ದಂತೂ ಅಲ್ಲ.

ಈಗ ನಿಮ್ಮ ಕೊಡಕ್ಕೆ ಬರೋಣ. ಬರಹ ಇಲ್ಲ ಅಂದುಕೊಳ್ಳಿ. ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಹಳೇ ಕೊಡಗಳನ್ನು ತಗಡು ಬಡಿದು ಭಾಗ ಭಾಗವಾಗಿ ಮಾಡಿ, ಹೊಟ್ಟೆಯ ಹತ್ತಿರ ಬೆಸೆಯುತ್ತಿದ್ದರು. ಬೆಸುಗೆ ಗಟ್ಟಿ ನಿಲ್ಲಲಿ ಅಂತ ಒಂದು ಭಾಗದ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಇನ್ನೊಂದಕ್ಕೆ ಕಚ್ಚಿಸುತ್ತಿದ್ದರು. ಒಳಗಡೆ ಆ ಹಲ್ಲಿನ ಸಾಲು ಗರಗಸದ ಹಾಗೆ ಕಾಣುತ್ತದೆ. ಬಣ್ಣದಲ್ಲೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಸುತ್ತಿಗೆಯ ಏಟಿನ ಗುರುತುಗಳೂ ಒಂದರ ಪಕ್ಕ ಒಂದು, ಆದರೆ ಒಂದೇ ಸಮ ಇರುವುದಿಲ್ಲ. ಈಗಿನ ಮಿಷನ್ ಕೊಡದಲ್ಲಿ ತಗಡು ಎಲ್ಲ ಕಡೆ ಒಂದೇ ದಪ್ಪ. ಒಳಗೆ ಗುಂಡಗೆ ಸುತ್ತಿದ ಸಣ್ಣ ಗೆರೆಗಳಿರುತ್ತವೆ.

ಆಮೇಲೆ ಸವೆತ. ಹಳೇದು ಅಂದರೆ ಎಲ್ಲ ಕಡೆ ಸವೆದಿರಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಕೈ ತಾಗುವ ಕಡೆ, ನೆಲ ತಾಗುವ ಕಡೆ ಸವೆಯಬೇಕು. ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಕಂಠಕ್ಕೆ ತೋಳು ಸುತ್ತುತ್ತಾರೆ ಅಲ್ವಾ, ಅಲ್ಲಿ ನುಣುಪಾಗಿರುತ್ತದೆ. ತಳದಲ್ಲಿ ಸಣ್ಣ ಸಣ್ಣ ಗೀರು ನೂರಾರು, ಯಾವ ದಿಕ್ಕಿಗೆ ಅಂತ ಇಲ್ಲ. ಬಾವಿಕಟ್ಟೆಗೆ ತಗುಲಿದ ನೆಗ್ಗು ಒಂದೆರಡು ಇದ್ದೇ ಇರುತ್ತದೆ. ಬೇಕಂತ ಹಳೇದು ಮಾಡಿದ್ದರಲ್ಲಿ ಹಸಿರು ಕಿಲುಬು ಎಲ್ಲ ಕಡೆ ಸಮವಾಗಿ, ಬಣ್ಣ ಬಳಿದ ಹಾಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪುಡಿಯಾಗಿ ಬಂದುಬಿಡುತ್ತದೆ. ನಿಜವಾದ ಕಿಲುಬು ಸಂದಿಯಲ್ಲಿ, ಬೆಸುಗೆಯಲ್ಲಿ, ಅಂಚಿನ ಮಡಿಕೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಹಿತ್ತಾಳೆ, ತಾಮ್ರ, ಕಂಚು ಯಾವುದಕ್ಕೂ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಕಂಚಿನ ಗಂಗಾಳ ಅಂತ ಕೊಟ್ಟರೆ ಐದು ಬೆರಳ ತುದಿಯ ಮೇಲಿಟ್ಟು ಅಂಚಿಗೆ ಉಗುರಿನಿಂದ ಹೊಡೆಯಿರಿ. ಕಂಚಾದರೆ ಗಂಟೆಯ ಹಾಗೆ ನಾದ ಎಳೆಯುತ್ತದೆ. ಹಿತ್ತಾಳೆ ಟಣ್ ಅಂದು ಬೇಗ ಸುಮ್ಮನಾಗುತ್ತದೆ. ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ತವರ ದುಬಾರಿ, ಅದಕ್ಕೇ ಕಂಚಿನ ರೇಟು ಜಾಸ್ತಿ. ಹಿತ್ತಾಳೆಯನ್ನು ಕಂಚಿನ ರೇಟಿಗೆ ತಗೊಂಡು ಬರಬೇಡಿ.

ಸೇರು, ಪಾವು, ಚಟಾಕು ಅಂದರೆ ನಮಗೆಲ್ಲ ಆಸೆ. 1956ರಲ್ಲಿ ಕಾಯ್ದೆ ಬಂದು, 1958ರಿಂದ ಹಂತ ಹಂತವಾಗಿ ಕಿಲೋ, ಲೀಟರ್ ಜಾರಿಗೆ ಬಂದವು. ಆದರೂ ಹಳ್ಳಿಗಳಲ್ಲಿ ಸೇರಿನ ಲೆಕ್ಕ ಆಮೇಲೂ ಬಹಳ ಕಾಲ ನಡೆದೇ ಇತ್ತು. ಈಗ ಮದುವೆಗೆ, ಶೋಕೇಸಿಗೆ ಅಂತ ಹೊಸದಾಗಿಯೂ ಮಾಡುತ್ತಾರೆ. ಆದ್ದರಿಂದ ಸೇರು ಅಂದ ತಕ್ಷಣ ಹಳೇದು ಅನ್ನುವ ಹಾಗಿಲ್ಲ. ಅಳತೆ ಇಲಾಖೆಯವರು ಹೊಡೆದ ಮುದ್ರೆ ಇದೆಯಾ ನೋಡಿ. ಕಬ್ಬಿಣದ ತೂಕದ ಕಲ್ಲಾದರೆ ತಿರುಗಿಸಿ. ಗುಂಡಿಯಲ್ಲಿ ತುಂಬಿದ ಸೀಸದ ಮೇಲೆ ಮುದ್ರೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಪ್ರತಿ ತಪಾಸಣೆಗೆ ಒಂದೊಂದು. ಅಂಥ ಕಲ್ಲು ಸಿಕ್ಕರೆ ನಾನಂತೂ ಬಿಡುವುದಿಲ್ಲ.

ಕೆಲವು ಸಾಮಾನನ್ನು ನೋಡಿದ ಕೂಡಲೇ ಕೆಳಗಿಡಬಹುದು. ದೊಡ್ಡ ಹಿತ್ತಾಳೆ ತುತ್ತೂರಿಯ ಥಳಥಳ ಗ್ರಾಮಫೋನು, "ಲಂಡನ್" ಅಂತ ಕೆತ್ತಿದ ದಿಕ್ಸೂಚಿ, ದುರ್ಬೀನು ಇವೆಲ್ಲ ಬಹುಪಾಲು ನಮ್ಮ ದೇಶದಲ್ಲೇ ಈಚೆಗೆ ಆಗುವ ಮಾಲು. ನಾನೂ ಒಂದು ದಿಕ್ಸೂಚಿಗೆ ಒಳ್ಳೇ ದುಡ್ಡು ಕೊಟ್ಟು ತಂದಿದ್ದೆ. ಮನೆಯಲ್ಲಿ ಹಿಂದಿನ ಮುಚ್ಚಳ ತೆಗೆದರೆ ಪ್ಲಸ್ ಸ್ಕ್ರೂ. ಆ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ, ಮೇಲೆ ಕೆತ್ತಿದ್ದು 1917. ಅಂದಿನಿಂದ ಯಾವ ಸಾಮಾನು ಕೈಗೆ ಬಂದರೂ ಮೊದಲು ಸ್ಕ್ರೂ ನೋಡುತ್ತೇನೆ. ಎಚ್‌ಎಂಟಿ ಕೈಗಡಿಯಾರ ಹುಡುಕುವವರೂ ಜಾಗ್ರತೆ. ಒಳಗಿನ ಯಂತ್ರ ಅಸಲಿ ಇದ್ದರೂ ಡಯಲಿಗೆ ಹೊಸ ಬಣ್ಣ ಹೊಡೆದು ಮಾರುವುದು ಮಾಮೂಲಿ. ಕಣ್ಣು ಕುಕ್ಕುವ ಕಿತ್ತಳೆ, ಗಿಳಿ ಹಸಿರು ಕಂಡರೆ ಭೂತಗನ್ನಡಿ ಹಿಡಿದು ಅಕ್ಷರದ ಅಂಚು ನೋಡಿ.

ನಾಣ್ಯದ ವಿಷಯ ಗಂಭೀರವಾಗಿ ಹೇಳಬೇಕು. ರಾಮ ಪಟ್ಟಾಭಿಷೇಕ, ಹನುಮಂತ ಇರುವ "ಈಸ್ಟ್ ಇಂಡಿಯಾ ಕಂಪನಿ 1818" ನಾಣ್ಯ ಜಾತ್ರೆ, ಸಂತೆಗಳಲ್ಲಿ ಸಿಗುತ್ತದೆ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ನಡುವೆ ತೂತಿರುವ ಒಂದು ಪೈಸೆ ಮಾತ್ರ ಅಸಲಿ, 1943ರಿಂದ 1947ರವರೆಗೆ ಬಂದಿದ್ದು. ಅದು ಬೇಕಾದಷ್ಟಿದೆ, ಹೆಚ್ಚು ಕೊಡಬೇಡಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆತ ಮಾಡಿದಾಗ ಶಾತವಾಹನರ ನಾಣ್ಯ, ರೋಮನ್ ನಾಣ್ಯ ಸಿಕ್ಕಿದ್ದು ನಿಜ. ಅದನ್ನೇ ಕಥೆ ಕಟ್ಟಿಕೊಂಡು "ಪಾಯ ತೆಗೆಯುವಾಗ ಬಂಗಾರದ ನಾಣ್ಯ ಸಿಕ್ತು, ಕಡಿಮೆಗೆ ಕೊಡ್ತೀವಿ" ಅಂತ ಬರುವವರಿದ್ದಾರೆ. ಮೊದಲು ತೋರಿಸುವ ಒಂದು ನಾಣ್ಯ ಚಿನ್ನ, ಆಮೇಲೆ ಕೊಡುವ ಗಂಟು ಹಿತ್ತಾಳೆ. ನಮ್ಮ ಭಾಗದಲ್ಲಿ ಈ ಮೋಸಕ್ಕೆ ಎಷ್ಟೋ ಮನೆ ಹಾಳಾಗಿವೆ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ ಅಂತ ನಂಬಿಸಿ ಮಾರುವ "ಅಕ್ಕಿ ಎಳೆಯುವ ಚೊಂಬು" ಕೂಡ ಇದೇ ಜಾತಿಯ ಮೋಸ. ನಿಧಿ ನಿಜವಾಗಿ ಸಿಕ್ಕಿದ್ದರೂ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮಾರುವ ಹಾಗಿಲ್ಲ.

ದೇವರ ವಿಗ್ರಹ, ಕಲ್ಲಿನ ಶಿಲ್ಪ, ತಾಳೆಗರಿ ಕಟ್ಟು ಗುಜರಿಯಲ್ಲಿ ಕಂಡರೆ ಕೊಳ್ಳಬೇಡಿ. ಯಾವ ಗುಡಿಯಿಂದ ಬಂತೋ ಯಾರಿಗೆ ಗೊತ್ತು. ನೂರು ವರ್ಷ ದಾಟಿದ ಶಿಲ್ಪ, ಎಪ್ಪತ್ತೈದು ದಾಟಿದ ಮಹತ್ವದ ಹಸ್ತಪ್ರತಿ 1972ರ ಪುರಾತನ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತವೆ. ಮಾರುವವರಿಗೆ ಲೈಸೆನ್ಸ್ ಬೇಕು.

ಇನ್ನು ರೇಟು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಮಾರುವವರು ಹಳೇ ಸಾಮಾನು ಅಂತಲೇ ಬೆಲೆ ಹೇಳುತ್ತಾರೆ. ನಮ್ಮ ಗುಜರಿಗಳಲ್ಲಿ ಇನ್ನೂ ತೂಕವೇ ಆಧಾರ. ವಯಸ್ಸಿನ ಮಾತು ಎತ್ತದೆ, "ಅಣ್ಣಾ, ಇವತ್ತು ಹಿತ್ತಾಳೆ ಕಿಲೋಗೆ ಹೆಂಗೆ?" ಅಂತ ಕೇಳಿ. "ನೀವು ತಗೊಳ್ಳೋದಾ, ಕೊಡೋದಾ ಅಕ್ಕಾ?" ಅಂತ ಅವರು ಕೇಳುತ್ತಾರೆ. ಎರಡೂ ರೇಟು ತಿಳಿದುಕೊಳ್ಳಿ. ಕೊಡ ತೂಕ ಹಾಕಿಸಿ, ಅದರ ಮೇಲೆ ಅವರ ಶ್ರಮಕ್ಕೆ, ನಿಮ್ಮ ಇಷ್ಟಕ್ಕೆ ತಕ್ಕಂತೆ ಸೇರಿಸಿ. ಹಲ್ಲಿನ ಬೆಸುಗೆ, ಚುಕ್ಕಿ ಅಕ್ಷರ ಎರಡೂ ಇದ್ದರೆ ನಾನು ಸ್ವಲ್ಪ ಧಾರಾಳವಾಗಿಯೇ ಕೊಡುತ್ತೇನೆ. ಬರೀ "ನೂರು ವರ್ಷ" ಅನ್ನುವ ಮಾತಿಗೆ ಒಂದು ರೂಪಾಯಿಯೂ ಸೇರಿಸುವುದಿಲ್ಲ.

ಮನೆಗೆ ತಂದ ದಿನವೇ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಬೇಡಿ. ಮೊದಲು ಬರೀ ನೀರಲ್ಲಿ ತೊಳೆದು, ಓರೆ ಬೆಳಕಿನಲ್ಲಿ ಇನ್ನೊಮ್ಮೆ ಅಕ್ಷರ ಹುಡುಕಿ. ಸವೆದ ಚುಕ್ಕಿಗಳು ಕೊಳೆ ತುಂಬಿದಾಗಲೇ ಚೆನ್ನಾಗಿ ಕಾಣುವುದು, ಆಗಲೇ ಒಂದು ಫೋಟೋ ತೆಗೆದಿಡಿ. ಅಡುಗೆಗೆ ಬಳಸುವ ಹಿತ್ತಾಳೆ ಪಾತ್ರೆಯಾದರೆ ಕಲಾಯಿ ಹಾಕಿಸಿಯೇ ಬಳಸಬೇಕು, ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಕೊಡವಾದರೆ ನೀರು ತುಂಬಿ, ಕೆಳಗೆ ದಿನಪತ್ರಿಕೆ ಹಾಸಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಬೆಸುಗೆ ಬಿಟ್ಟಿದೆ ಅಂತ ಅರ್ಥ. ಊರಲ್ಲಿ ಪಾತ್ರೆಗೆ ಬೆಸುಗೆ ಹಾಕುವವರು ಇನ್ನೂ ಇದ್ದಾರೆ, ಅವರ ಹತ್ತಿರ ತಗೊಂಡು ಹೋಗಿ.