ಉಕ್ಕಿನ ಕಟ್ಟಡದ ಮೇಲೆ ಆಸ್ಪತ್ರೆಯ ಹೆಸರು

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 64 ಮಹಡಿಯ ಒಂದು ಕಡುಕಂದು ಕಟ್ಟಡವಿದೆ. ಯುಎಸ್ ಸ್ಟೀಲ್ ಕಂಪನಿ 1970ರ ಹೊತ್ತಿಗೆ ತನ್ನದೇ ಉಕ್ಕಿನಲ್ಲಿ ಕಟ್ಟಿಸಿದ್ದು. ಮೇಲೆ ತೆಳ್ಳಗೆ ತುಕ್ಕು ಹಿಡಿದು, ಆ ತುಕ್ಕೇ ಒಳಗಿನ ಲೋಹವನ್ನು ಕಾಯುವಂಥ ಉಕ್ಕು ಅದು. ಆದರೆ 2008ರಿಂದ ಅದರ ನೆತ್ತಿಯಲ್ಲಿ ಹೊಳೆಯುತ್ತಿರುವುದು ಯುಪಿಎಂಸಿ ಎಂಬ ಆಸ್ಪತ್ರೆ ಸಂಸ್ಥೆಯ ಹೆಸರು. ಪೆನ್ಸಿಲ್ವೇನಿಯಾದಲ್ಲಿ ಸರ್ಕಾರ ಬಿಟ್ಟರೆ ಅತಿ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿರುವುದು ಅದೇ.

ಕಾರ್ಖಾನೆಯ ಕೆಲಸ ಕಡಿಮೆಯಾಗಿ ಸೇವೆಯ ಕೆಲಸ ಹೆಚ್ಚಿದ್ದು ಯಾಕೆ? ಹೊರದೇಶದ ಅಗ್ಗದ ಮಾಲು ಬಂತು, ಕಾರ್ಖಾನೆ ಮುಚ್ಚಿತು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅಷ್ಟೇ ಅಲ್ಲ. 1980ರ ಸುಮಾರಿಗೆ ಅಮೆರಿಕದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 10 ಗಂಟೆಯ ದುಡಿಮೆ ಬೇಕಿತ್ತು. ಈಗ 2 ಗಂಟೆಯೂ ಬೇಡ. ಆದರೆ ಹಾಸಿಗೆ ಹಿಡಿದ ಅಜ್ಜಿಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಮಾತ್ರೆ ನುಂಗಿಸಲು ಆಗಲೂ ಅರ್ಧ ಗಂಟೆ, ಈಗಲೂ ಅರ್ಧ ಗಂಟೆ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ 1960ರ ದಶಕದಲ್ಲಿ ಸಂಗೀತ, ನಾಟಕಗಳ ಖರ್ಚು ನೋಡುತ್ತಾ ಇದನ್ನೇ ಕಂಡುಕೊಂಡರು. ನಾಲ್ಕು ಜನ ನುಡಿಸುವ ಕೃತಿಗೆ ಎಷ್ಟು ವರ್ಷ ಕಳೆದರೂ ನಾಲ್ಕೇ ಜನ ಬೇಕು. ಸಂಬಳ ಮಾತ್ರ ಬೇರೆ ಕಡೆ ಏರಿದಂತೆ ಏರಿಸಬೇಕು, ಇಲ್ಲದಿದ್ದರೆ ಯಾರು ಬರುತ್ತಾರೆ? ಹೀಗೆ ವಸ್ತು ಅಗ್ಗವಾಯಿತು, ಆರೈಕೆ ದುಬಾರಿಯಾಯಿತು. ಜನವೂ ದುಡ್ಡೂ ಆ ಕಡೆಗೇ ಸರಿದವು.

ಪಿಟ್ಸ್‌ಬರ್ಗ್‌ನಲ್ಲಿ ಆಸ್ಪತ್ರೆಗೆ ದಾರಿ ಮಾಡಿದ್ದೂ ಉಕ್ಕಿನವರೇ. 1949ರ ಮುಷ್ಕರದಲ್ಲಿ ಕಾರ್ಮಿಕ ಸಂಘ ಪಿಂಚಣಿ, ಆರೋಗ್ಯ ವಿಮೆ ಗೆದ್ದುಕೊಂಡಿತು. 1965ರಲ್ಲಿ ವೃದ್ಧರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಬಂತು. ಕಾರ್ಖಾನೆಗಳು ಮುಚ್ಚಿದಾಗ ಹುಡುಗರು ಊರು ಬಿಟ್ಟರು. ವಯಸ್ಸಾದವರು, ಅವರ ವಿಮೆ ಅಲ್ಲೇ ಉಳಿದವು.

ಇನ್ನೊಂದು ಕಾರಣ ಮನೆಯೊಳಗಿತ್ತು. ಹೆಂಗಸರು ಸಂಬಳವಿಲ್ಲದೆ ಮಾಡುತ್ತಿದ್ದ ಅಡುಗೆ, ಮಕ್ಕಳ ಪಾಲನೆ ಯಾವ ಲೆಕ್ಕದಲ್ಲೂ ಇರಲಿಲ್ಲ. ಅವರು ದುಡಿಯಲು ಹೊರಟಾಗ ಹೋಟೆಲು, ಶಿಶುವಿಹಾರ ಹೆಚ್ಚಿದವು, ಅದೇ ಕೆಲಸ 'ಸೇವೆ' ಎನಿಸಿತು. ಸೇವಾ ವಲಯದ ಅಂಕಿಯ ಬೆಳವಣಿಗೆಯಲ್ಲಿ ಸ್ವಲ್ಪ ಭಾಗವಂತೂ ಬರೀ ಹೆಸರಿನ ಬದಲಾವಣೆ. ಕಾರ್ಖಾನೆ ಗುಡಿಸುವವರನ್ನು ಗುತ್ತಿಗೆಗೆ ಕೊಟ್ಟ ಕೂಡಲೇ ಅವರು ಸೇವಾ ವಲಯದವರಾದರು. ನೆಲ ಅದೇ, ಪೊರಕೆ ಅದೇ.

ಹತ್ತಿರದ ಹೋಮ್‌ಸ್ಟೆಡ್ ಕಾರ್ಖಾನೆ 1986ರಲ್ಲಿ ಮುಚ್ಚಿತು. 1999ರಲ್ಲಿ ಆ ಜಾಗಕ್ಕೆ ಶಾಪಿಂಗ್ ಸೆಂಟರ್ ಬಂತು. ಹಳೆಯ 12 ಇಟ್ಟಿಗೆ ಚಿಮಣಿಗಳು ಮಾತ್ರ ಸಾಲಾಗಿ ನಿಂತಿವೆ. ಅಲ್ಲಿನವರು ಹೋರಾಡಿ ಪಡೆದ ಸಂಬಳ, ಪಿಂಚಣಿ ಇವತ್ತು ಅಜ್ಜಿಯ ಮೈ ಒರೆಸುವ ಹೆಣ್ಣುಮಗಳಿಗೆ ಇನ್ನೂ ಸಿಕ್ಕಿಲ್ಲ.