ಬೊಂಬಾಯಿ ಮಿಠಾಯಿಗೆ ಆ ಗುಲಾಬಿ ಬಣ್ಣ ಎಲ್ಲಿಂದ ಬಂತು?

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಕೃತಕ ಬಣ್ಣ ಹಾಕಿದ ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಯನ್ನು ರಾಜ್ಯದಲ್ಲಿ ನಿಷೇಧಿಸಿರುವುದಾಗಿ ಪ್ರಕಟಿಸಿದರು. ಜನರ ಬಾಯಲ್ಲಿ ಅದು ‘ಬೊಂಬಾಯಿ ಮಿಠಾಯಿ ಬ್ಯಾನ್’ ಆಯಿತು. ಬಿಳಿಯದನ್ನು ಮಾರಬಹುದೇ, ಅಂಗಡಿಯಲ್ಲಿ ಸಿಗುವ ಫುಡ್ ಕಲರ್ ಹಾಕಿದರೆ ತಪ್ಪೇ, ಡಬ್ಬದಲ್ಲಿರುವ ಬಣ್ಣದ ಪೆಪ್ಪರ್‌ಮೆಂಟಿಗೂ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗಳು ಇನ್ನೂ ಕಲಸಿಕೊಂಡೇ ಇವೆ.

ಗೊಂದಲಕ್ಕೆ ಹೆಸರಿನ ಪಾಲೂ ಇದೆ. ಕನ್ನಡದಲ್ಲಿ ಬೊಂಬಾಯಿ ಮಿಠಾಯಿ ಎಂದರೆ ಎರಡು ತಿಂಡಿ. ಒಂದು, ಬಿದಿರು ಗಳದ ತುದಿಗೆ ಸುತ್ತಿಕೊಂಡು ಬರುವ ಅಂಟು ಮಿಠಾಯಿ. ಮೇಲೊಂದು ಚಪ್ಪಾಳೆ ತಟ್ಟುವ ಗೊಂಬೆ ಇರುತ್ತದೆ. ಮಾರುವವನು ಎಳೆ ಎಳೆದು ಮಕ್ಕಳ ಕೈಗೆ ವಾಚು, ಉಂಗುರ, ನವಿಲು ಮಾಡಿ ಕೊಡುತ್ತಾನೆ. ಸಕ್ಕರೆ ಪಾಕವನ್ನು ಕಾಯಿಸಿ, ಎಣ್ಣೆ ಸವರಿದ ಕಲ್ಲಿನ ಮೇಲೆ ಆರಿಸಿ, ಮತ್ತೆ ಮತ್ತೆ ಎಳೆದು ಮಡಚುತ್ತಾರೆ. ಒಳಗೆ ಗಾಳಿ ಸೇರಿದಂತೆ ಪಾಕ ಬೆಳ್ಳಗೆ ಹೊಳೆಯುತ್ತದೆ. ಬಣ್ಣ ಸೇರುವುದು ಆ ಮಡಿಕೆಗಳಲ್ಲಿ. ಇನ್ನೊಂದು, ಜಾತ್ರೆಯಲ್ಲಿ ಕಡ್ಡಿಗೆ ಸುತ್ತಿ ಕೊಡುವ, ಹತ್ತಿಯಂಥ ಸಕ್ಕರೆ ಎಳೆ. ತಮಿಳರು ಇದನ್ನು ಪಂಜು ಮಿಟ್ಟಾಯಿ ಎನ್ನುತ್ತಾರೆ, ಹಿಂದಿಯವರು ಬುಡ್ಡಿ ಕೆ ಬಾಲ್ ಎಂದರೆ ಮುದುಕಿಯ ಕೂದಲು ಎನ್ನುತ್ತಾರೆ. ಸರ್ಕಾರದ ಕ್ರಮ ಈ ಎರಡನೆಯದರ ಮೇಲೆ.

1897ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ವಿಲಿಯಂ ಮಾರಿಸನ್ ಎಂಬ ದಂತವೈದ್ಯ ಮತ್ತು ಜಾನ್ ವಾರ್ಟನ್ ಎಂಬ ಮಿಠಾಯಿ ತಯಾರಕ ಸೇರಿ ಇದರ ಯಂತ್ರ ಮಾಡಿದರು. 1904ರ ಸೇಂಟ್ ಲೂಯಿಸ್ ಮೇಳದಲ್ಲಿ ಅದು ಜನಪ್ರಿಯವಾಯಿತು. ಮುಂದಿನ ದಶಕಗಳಲ್ಲಿ ಕೈಯಲ್ಲೋ ಕಾಲಲ್ಲೋ ತಿರುಗಿಸುವ ಯಂತ್ರವಾಗಿ ನಮ್ಮ ಜಾತ್ರೆಗಳನ್ನೂ ತಲುಪಿತು.

ಯಂತ್ರದ ಕೆಲಸ ಸರಳ. ನಡುವಿನ ತಲೆಯೊಳಗೆ ಹಾಕಿದ ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ತಲೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಕರಗಿದ್ದು ಸಣ್ಣ ಕಿಂಡಿಗಳಿಂದ ಹೊರಗೆ ಚಿಮ್ಮಿ, ಗಾಳಿಗೆ ತಣಿದು, ಕೂದಲಿಗಿಂತ ತೆಳುವಾದ ಎಳೆಯಾಗುತ್ತದೆ. ಒಂದು ಕಡ್ಡಿಗೆ 25-30 ಗ್ರಾಂ ಸಕ್ಕರೆ ಸಾಕು. ಸಕ್ಕರೆ ತೀರಾ ನುಣ್ಣಗಿದ್ದರೆ ಕರಗುವ ಮೊದಲೇ ಪುಡಿಯಾಗಿ ಹಾರಿಹೋಗುತ್ತದೆ, ತೇವವಿದ್ದರೆ ಕಿಂಡಿ ಕಟ್ಟಿಕೊಳ್ಳುತ್ತದೆ. ಎಳೆ ಗಾಳಿಯ ತೇವವನ್ನು ಬೇಗ ಹೀರುವುದರಿಂದ ಮಳೆಗಾಲದಲ್ಲಿ ನೋಡನೋಡುತ್ತಲೇ ಕುಗ್ಗಿ ಅಂಟಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಊದಿಸಿ ಕಟ್ಟಿಡುವುದು ಇದಕ್ಕೇ.

ಇಷ್ಟರಲ್ಲಿ ಎಲ್ಲೂ ಬಣ್ಣದ ಅಗತ್ಯವಿಲ್ಲ. ಬರೀ ಸಕ್ಕರೆಯಿಂದ ಬರುವುದು ಬಿಳಿ ಎಳೆ, ರುಚಿಯೂ ಅದೇ. ಗುಲಾಬಿ ಬಣ್ಣ ದೂರದಿಂದ ಮಕ್ಕಳ ಕಣ್ಣಿಗೆ ಬೀಳಲಿ ಎಂದು ಸೇರಿದ್ದು.

ಕೇಂದ್ರದ ನಿಯಮದ ಪ್ರಕಾರ ಆಹಾರಕ್ಕೆ ಒಪ್ಪಿಗೆಯಿರುವ ಸಂಶ್ಲೇಷಿತ, ಅಂದರೆ ಕೃತಕ, ಬಣ್ಣಗಳು ಎಂಟು. ಕೆಂಪಿಗೆ ಪೋನ್ಸೋ 4ಆರ್, ಕಾರ್ಮೋಯಿಸಿನ್, ಎರಿತ್ರೋಸಿನ್. ಹಳದಿಗೆ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ. ನೀಲಿಗೆ ಎರಡು, ಹಸಿರಿಗೆ ಒಂದು. ಅವೂ ಎಲ್ಲ ತಿಂಡಿಗೂ ಅಲ್ಲ, ಪಟ್ಟಿಯಲ್ಲಿರುವ ತಿಂಡಿಗಳಿಗೆ ಮಾತ್ರ. ಸಕ್ಕರೆ ಮಿಠಾಯಿ ಆ ಪಟ್ಟಿಯಲ್ಲಿದೆ, ಮಿತಿ ಕಿಲೋಗೆ 100 ಮಿಲಿಗ್ರಾಂ. ಅಂದರೆ 10 ಕಿಲೋ ಸಕ್ಕರೆಗೆ ಒಂದೇ ಗ್ರಾಂ ಶುದ್ಧ ಬಣ್ಣ.

ತಪ್ಪುವುದು ಈ ಅಳತೆಯಲ್ಲೇ. ಪೊಟ್ಟಣದ ಫುಡ್ ಕಲರ್ ಶುದ್ಧ ಬಣ್ಣವಲ್ಲ, ಉಪ್ಪು ಅಥವಾ ಸಕ್ಕರೆ ಬೆರೆಸಿದ್ದು. ಲೇಬಲ್ ಮೇಲೆ ಒಟ್ಟು ಬಣ್ಣದ ಅಂಶ ಶೇ 10 ಎಂದಿದ್ದರೆ 10 ಕಿಲೋಗೆ 10 ಗ್ರಾಂ ಪುಡಿ ಹಾಕಬಹುದು. ಶೇ 80 ಎಂದಿದ್ದರೆ ಒಂದೂಕಾಲು ಗ್ರಾಂ ಮಾತ್ರ. ಚಿಟಿಕೆಯ ಲೆಕ್ಕದಲ್ಲಿ ಹಾಕುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಒಣ ಪುಡಿಯನ್ನು ಹಾಗೇ ಬೆರೆಸಿದರೆ ಅದು ಡಬ್ಬದ ತಳಕ್ಕೆ ಇಳಿಯುತ್ತದೆ. ಮೊದಲ ಕಡ್ಡಿಗಳು ಪೇಲವ, ಕೊನೆಯವು ಗಾಢ. ಮಿತಿ ಮೀರುವುದು ಆ ಕೊನೆಯವುಗಳಲ್ಲಿ.

ಪರೀಕ್ಷೆಗಳಲ್ಲಿ ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಎಂಬ ಗುಲಾಬಿ ಬಣ್ಣದ ಕಥೆ ಬೇರೆ. ಅದು ಎಂಟರ ಪಟ್ಟಿಯಲ್ಲೇ ಇಲ್ಲ. ಬಟ್ಟೆ, ಕಾಗದ, ಊದುಬತ್ತಿಗೆ ಹಾಕುವ ಬಣ್ಣ ಅದು. ಕಿಲೋಗೆ ಇಷ್ಟು ಎಂಬ ಮಿತಿ ಅದಕ್ಕಿಲ್ಲ, ಆಹಾರದಲ್ಲಿ ಒಂದು ಕಣ ಇದ್ದರೂ ಕಾನೂನುಬಾಹಿರ. ಹಾಗಿದ್ದೂ ಅದು ಗಾಡಿಗೆ ಬಂದದ್ದೇಕೆ? ತೀರಾ ಅಗ್ಗ, ಚಿಟಿಕೆಗೆ ಕಣ್ಣು ಕೋರೈಸುವ ಬಣ್ಣ, ಯಂತ್ರದ ಕಾವಿಗೂ ಮಾಸುವುದಿಲ್ಲ. ಬೀಟ್‌ರೂಟ್ ಬಣ್ಣ ಆ ಕಾವಿಗೆ ಕಂದಾಗುತ್ತದೆ. ಎರಿತ್ರೋಸಿನ್ ಗುಲಾಬಿ ಬಿಸಿಲಿಗೆ ಮಂಕಾಗುತ್ತದೆ. ಬಿಡಿ ಬಣ್ಣವಾದರೋ ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದೆ ಮಾರಾಟವಾಗುತ್ತದೆ. ದಿನಕ್ಕೆ ಇಷ್ಟು ಕಡ್ಡಿ ಮಾರಿದರೆ ಇಷ್ಟು ಕೂಲಿ ಎಂದು ದುಡಿಯುವವನ ಕೈಯಲ್ಲಿರುವುದು ‘ಮಿಠಾಯಿ ಬಣ್ಣ’ ಎಂಬ ಬಾಯಿಮಾತು ಮಾತ್ರ.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ರೋಡಮೈನ್-ಬಿಯಿಂದ ಹಾನಿ ಕಂಡಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವರ್ಗೀಕರಿಸುವಷ್ಟು ಪುರಾವೆ ಇಲ್ಲ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೂರನೇ ಗುಂಪಿನಲ್ಲಿಟ್ಟಿದೆ. ‘ಒಂದು ಕಡ್ಡಿ ತಿಂದರೆ ಕ್ಯಾನ್ಸರ್’ ಎಂಬ ಸುದ್ದಿ ಅತಿಯಾಯಿತು. ಹಾಗೆಂದು ಊದುಬತ್ತಿಯ ಬಣ್ಣವನ್ನು ಮಕ್ಕಳ ಬಾಯಿಗೆ ಹಾಕಲು ಅದು ಪರವಾನಗಿಯೂ ಅಲ್ಲ.

2024ರ ಫೆಬ್ರುವರಿಯಲ್ಲಿ ಮೊದಲು ಪುದುಚೇರಿ, ಆಮೇಲೆ ತಮಿಳುನಾಡು ಪರೀಕ್ಷೆಯಲ್ಲಿ ರೋಡಮೈನ್-ಬಿ ಸಿಕ್ಕ ಮೇಲೆ ಕ್ರಮ ಕೈಗೊಂಡವು. ಕರ್ನಾಟಕದಲ್ಲಿ ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15, ಗೋಬಿ ಮಂಚೂರಿಯ 171ರಲ್ಲಿ 107 ಅಸುರಕ್ಷಿತ ಎಂದು ವರದಿ ಬಂತು. ಎರಡೂ ಪಟ್ಟಿಯನ್ನು ಒಂದೇ ಉಸಿರಿಗೆ ಓದಿದ್ದರಿಂದ ಒಂದು ಮುಖ್ಯ ಭೇದ ಮರೆಯಾಯಿತು. ಗೋಬಿಯಲ್ಲಿ ಸಿಕ್ಕಿದ್ದು ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಯಿಸಿನ್. ಮಿಠಾಯಿಗೆ ಒಪ್ಪಿಗೆಯಿದ್ದೂ ಗೋಬಿಗೆ ಒಪ್ಪಿಗೆಯಿಲ್ಲದವು. ಕಾಟನ್ ಕ್ಯಾಂಡಿಯಲ್ಲಿ ಇಂಥ ಬಣ್ಣಗಳ ಜತೆಗೆ ರೋಡಮೈನ್-ಬಿಯೂ ಇತ್ತು. ಕೊನೆಗೆ ರಾಜ್ಯದಲ್ಲಿ ಕಾಟನ್ ಕ್ಯಾಂಡಿಗೆ ಎಲ್ಲ ಕೃತಕ ಬಣ್ಣವೂ ಬೇಡವೆಂದಾಯಿತು, ಬಿಳಿಯದಕ್ಕೆ ಅಡ್ಡಿಯಿಲ್ಲ. ಅದೇ ಕಾರ್ಮೋಯಿಸಿನ್ ಹಾಕಿದ ಗಟ್ಟಿ ಮಿಠಾಯಿ ಮಾತ್ರ ಕೇಂದ್ರದ ಮಿತಿಯೊಳಗೆ ಅಂಗಡಿಯ ಡಬ್ಬದಲ್ಲಿ ಉಳಿದಿದೆ.

ನಿಷೇಧ ಮೀರಿದವರಿಗೆ ಜೀವಾವಧಿ ಶಿಕ್ಷೆಯಾಗಬಹುದು ಎಂದು ಆಗ ಕೇಳಿಬಂದ ಮಾತನ್ನೂ ಬಿಡಿಸಿ ನೋಡಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಅದು ಇರುವುದು ತಿಂದವರು ಸತ್ತಾಗ. ಯಾರಿಗೂ ಹಾನಿಯಾಗದಿದ್ದರೆ ಶಿಕ್ಷೆ ತಿಂಗಳುಗಳ ಲೆಕ್ಕದ್ದು. ಸಿಕ್ಕಿಬೀಳುವುದು ಸಾಮಾನ್ಯವಾಗಿ ಕಡ್ಡಿ ಹಿಡಿದು ನಿಂತವನು. ಬಣ್ಣ ಪೊಟ್ಟಣ ಕಟ್ಟಿದ ಕೈ ತನಕ ತನಿಖೆ ಹೋಗಬೇಕಾದರೆ ಬಿಲ್ ಬೇಕು, ಬಿಡಿ ಮಾರಾಟದಲ್ಲಿ ಬಿಲ್ ಇರುವುದಿಲ್ಲ.

ಬೇಕರಿ ಅಥವಾ ಮಿಠಾಯಿಗೆ ಬಣ್ಣ ಕೊಳ್ಳುವವರು ಪೊಟ್ಟಣದ ಮೇಲೆ ನೋಡಬೇಕಾದ್ದು: ಫುಡ್ ಕಲರ್ ಎಂಬ ಮಾತು, ಬಣ್ಣದ ಹೆಸರು, ಒಟ್ಟು ಬಣ್ಣದ ಅಂಶ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ. ನೀರಲ್ಲಿ ಕದಡಿ ನೋಡುವ ಮನೆ ಪರೀಕ್ಷೆ ಇಲ್ಲಿ ನಡೆಯದು, ಒಪ್ಪಿತ ಬಣ್ಣವೂ ಹಾಗೇ ಕರಗುತ್ತದೆ. ನೇರಳಾತೀತ ಬೆಳಕಿನಲ್ಲಿ ರೋಡಮೈನ್ ಹೊಳೆಯುವುದು ನಿಜ, ಎರಿತ್ರೋಸಿನ್ ಕೂಡ ಸ್ವಲ್ಪ ಹೊಳೆಯುವುದರಿಂದ ಕೊನೆಯ ಮಾತು ಪ್ರಯೋಗಾಲಯದ್ದೇ.

ಬಿಳಿ ಮಿಠಾಯಿಗೆ ಬದಲಾದವರು ಯಂತ್ರದ ಕಡೆಗೂ ಗಮನ ಕೊಡಬೇಕು. ತಲೆಯ ಕಿಂಡಿಗಳಲ್ಲಿ, ಸುತ್ತಲಿನ ಬೋಗುಣಿಯ ಅಂಚಿನಲ್ಲಿ ಹಳೆಯ ಬಣ್ಣದ ಸಕ್ಕರೆ ಸುಟ್ಟು ಕೂತಿರುತ್ತದೆ, ಹೊಸ ಸಕ್ಕರೆಯೊಂದಿಗೆ ಕರಗಿ ಬರುತ್ತದೆ. ಯಂತ್ರ ಆರಿದ ಮೇಲೆ, ಬಿಚ್ಚಲು ಬರುವ ಭಾಗಗಳನ್ನು ಬಿಸಿನೀರಲ್ಲಿ ನೆನೆಸಿ ಉಜ್ಜಿ, ಪೂರ್ತಿ ಒಣಗಿಸಿ, ಬರೀ ಸಕ್ಕರೆ ಹಾಕಿ ತಿರುಗಿಸಿ ಎಳೆ ಅಚ್ಚ ಬಿಳಿ ಬರುವ ತನಕದ್ದನ್ನೆಲ್ಲ ಎಸೆಯಬೇಕು. ಬಣ್ಣದ ಸಕ್ಕರೆಗೆ ಬಳಸಿದ ಡಬ್ಬ, ಚಮಚ ಮತ್ತೆ ಬೇಡ.