ಘಟ್ಟದ ಮೇಲೆ ಎಳೆದ ಗೆರೆ

ಮಲೆನಾಡಿನ ಹಳ್ಳಿಗಳಲ್ಲಿ ‘ಕಸ್ತೂರಿರಂಗನ್ ಬರುತ್ತದಂತೆ’ ಎಂಬ ಮಾತು ಹುಟ್ಟಿ ಹತ್ತು ವರ್ಷ ದಾಟಿತು. ಬಾಹ್ಯಾಕಾಶ ವಿಜ್ಞಾನಿಯೊಬ್ಬರ ಹೆಸರು ನಪುಂಸಕ ಲಿಂಗಕ್ಕೆ ತಿರುಗಿ ಗುಮ್ಮನಾದದ್ದರ ಹಿಂದೆ ಇರುವುದು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಅವರ ವರದಿಯ ಒಂದು ನಕ್ಷೆ.

ಪಶ್ಚಿಮ ಘಟ್ಟದ ಕಾಡುಗಳನ್ನು ನಕ್ಷೆಗಿಳಿಸುವ ಕೆಲಸ ಹೊಸದಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆ 1980ರ ದಶಕದಲ್ಲೇ ಇಲ್ಲಿನ ಸಸ್ಯವರ್ಗದ ನಕ್ಷೆಗಳನ್ನು ಪ್ರಕಟಿಸಿತ್ತು. ಅವು ಎಲ್ಲಿ ಎಂಥ ಕಾಡಿದೆ ಎಂದಷ್ಟೇ ತೋರಿಸಿದವು. ಅಲ್ಲಿ ಏನು ಮಾಡಬಾರದು ಎಂದು ಹೇಳಲಿಲ್ಲ.

ಆ ಮಾತು ಬಂದದ್ದು ಕೇಂದ್ರ ಸರ್ಕಾರ 2010ರಲ್ಲಿ ನೇಮಿಸಿದ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿಯಿಂದ. ಸಮಿತಿ ಘಟ್ಟದ ಉದ್ದಕ್ಕೂ ಸುಮಾರು ಒಂಬತ್ತು ಕಿಲೋಮೀಟರ್ ಅಗಲದ ಚೌಕಗಳನ್ನು ಹಾಕಿ, ಪ್ರತಿ ಚೌಕದ ಜೀವವೈವಿಧ್ಯ, ಇಳಿಜಾರು, ಎತ್ತರಗಳಿಗೆ ಅಂಕ ಕೊಟ್ಟಿತು. ಬಳಿಕ ತಾಲ್ಲೂಕುಗಳನ್ನು ಮೂರು ಸೂಕ್ಷ್ಮ ವಲಯಗಳಾಗಿ ವಿಂಗಡಿಸಿತು. ಅಂತಿಮ ಗೆರೆಗಳನ್ನು ಗ್ರಾಮಸಭೆಗಳ ಜತೆ ಚರ್ಚಿಸಿ ಎಳೆಯಬೇಕೆಂಬುದು ಅದರ ಆಶಯ. ಆದರೆ 2011ರ ಆಗಸ್ಟ್‌ನಲ್ಲಿ ಸಲ್ಲಿಕೆಯಾದ ವರದಿ, ಮಾಹಿತಿ ಹಕ್ಕಿನ ಹೋರಾಟದ ನಂತರ 2012ರ ಮೇ ತಿಂಗಳಲ್ಲಿ ಹೊರಬಂತು. ಗ್ರಾಮಸಭೆಯ ಮುಂದಿಡಬೇಕಾದ ಕಾಗದವನ್ನು ಒಂಬತ್ತು ತಿಂಗಳು ಕಪಾಟಿನಲ್ಲಿಟ್ಟರೆ ಊರಿನಲ್ಲಿ ಗಾಳಿಸುದ್ದಿಯಲ್ಲದೆ ಮತ್ತೇನು ಬೆಳೆದೀತು?

ಅದೇ ವರ್ಷ, ಆ ವರದಿಯನ್ನು ಮರುಪರಿಶೀಲಿಸಲು ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ ಬಂತು. ಅದು ತಾಲ್ಲೂಕಿನ ಬದಲು ಹಳ್ಳಿಯನ್ನು ಘಟಕವಾಗಿ ಹಿಡಿಯಿತು. ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು 1,64,280 ಚದರ ಕಿಲೋಮೀಟರ್ ಘಟ್ಟವನ್ನು ಎರಡು ಪಾಲು ಮಾಡಿತು: ಜನವಸತಿ, ಗದ್ದೆ, ತೋಟಗಳಿರುವ ‘ಸಾಂಸ್ಕೃತಿಕ’ ಭೂಪ್ರದೇಶ ಹೆಚ್ಚುಕಡಿಮೆ 59 ಶೇಕಡ, ‘ನೈಸರ್ಗಿಕ’ ಭೂಪ್ರದೇಶ 41 ಶೇಕಡ. ಈ ನೈಸರ್ಗಿಕ ಪಾಲಿನೊಳಗಿಂದ, ಅಂದರೆ ಇಡೀ ಘಟ್ಟದ 37 ಶೇಕಡದಷ್ಟನ್ನು, ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಗಣಿಗಾರಿಕೆ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ದೊಡ್ಡ ಬಡಾವಣೆಗಳಿಗೆ ಅಲ್ಲಿ ನಿಷೇಧ. ಕೃಷಿಗೆ ನಿಷೇಧವಿರಲಿಲ್ಲ.

ಹಾಗಾದರೆ ರೈತರೇಕೆ ಬೀದಿಗಿಳಿದರು? ಉತ್ತರ ಲೆಕ್ಕದ ಒಂದು ಸಾಲಿನಲ್ಲಿದೆ. ಹಳ್ಳಿಯ 20 ಶೇಕಡ ಜಾಗ ಸೂಕ್ಷ್ಮವಾದರೆ ಇಡೀ ಹಳ್ಳಿ ಪಟ್ಟಿಗೆ ಸೇರುತ್ತದೆ. ಕರ್ನಾಟಕದಲ್ಲಿ ಹೀಗೆ ಸೇರಿದ್ದು 1,576 ಹಳ್ಳಿ, 20,668 ಚದರ ಕಿಲೋಮೀಟರ್. ಮರಗಳ ನೆರಳಿನ ಕಾಫಿ ತೋಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ ಎಂಬುದು ರೈತರ ಮೊದಲ ತಕರಾರು. ಅದಕ್ಕಿಂತ ಆಳದ ಅಳುಕು ದಾಖಲೆಯದು. ಉತ್ತರ ಕನ್ನಡದ ಸೊಪ್ಪಿನಬೆಟ್ಟ, ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ – ಇವೆಲ್ಲ ತಲೆಮಾರುಗಳಿಂದ ಬಳಕೆಯಲ್ಲಿರುವ, ಹಕ್ಕಿನ ವಿಷಯದಲ್ಲಿ ಮಾತ್ರ ಸದಾ ತಗಾದೆಯಿರುವ ನೆಲಗಳು. ಇಂಥ ಕಡೆ ಅರಣ್ಯದ ಬಣ್ಣ ಬಳಿದ ಯಾವ ಕಾಗದವನ್ನೂ ಜನ ನಂಬುವುದಿಲ್ಲ. ಆ ಅಪನಂಬಿಕೆಯನ್ನು ಕ್ವಾರಿ ಮಾಲೀಕರು, ರೆಸಾರ್ಟಿನವರು ತಮಗೆ ಗುರಾಣಿ ಮಾಡಿಕೊಂಡರೆ ಆಶ್ಚರ್ಯವಿಲ್ಲ.

ಕೇರಳ ಸ್ಥಳೀಯವಾಗಿ ಪರಿಶೀಲಿಸಿ ತನ್ನ ಪಾಲನ್ನು 13,108ರಿಂದ 9,993.7 ಚದರ ಕಿಲೋಮೀಟರ್‌ಗೆ ಇಳಿಸಿಕೊಂಡಿತು. ವರದಿಯನ್ನು ಜಾರಿಗೆ ತರಲು ಕೇಂದ್ರ ಸರ್ಕಾರ ಹೊರಡಿಸಿದ 2014ರ ಮಾರ್ಚ್‌ನ ಮೊದಲ ಕರಡು ಅಧಿಸೂಚನೆಯಲ್ಲಿ ಈ ಇಳಿದ ಅಂಕಿಯೇ ಸೇರಿತು. ಇಳಿಕೆ ಸರಿಯೇ ಎಂಬುದು ಬೇರೆ ವಾದ, ನೆಲಕ್ಕಿಳಿದು ನೋಡಿದ್ದಂತೂ ನಿಜ. ಕರ್ನಾಟಕದ ಅಂಕಿ ಕರಡಿನಿಂದ ಕರಡಿಗೆ ಹಾಗೆಯೇ ಸಾಗಿ ಬಂತು. ಆರನೆಯ ಕರಡು ಹೊರಬಿದ್ದದ್ದು 2024ರ ಜುಲೈ 31ರಂದು. ಹಿಂದಿನ ದಿನ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜಾರಿತ್ತು. ಆ ಊರುಗಳಿರುವ ವೈತ್ತಿರಿ ತಾಲ್ಲೂಕನ್ನು ಗಾಡ್ಗೀಳ್ ಸಮಿತಿ 2011ರಲ್ಲೇ ಮೊದಲ ದರ್ಜೆಯ ಸೂಕ್ಷ್ಮ ವಲಯದಲ್ಲಿಟ್ಟಿತ್ತು. ಎರಡು ತಿಂಗಳೊಳಗೆ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು.